ಜೀವಾಮೃತ ಹಾಕಿದ ಮಣ್ಣಿನ ಸೂಕ್ಷ್ಮಜೀವಿಗಳನ್ನು ಡಿಎನ್‌ಎ ಮೂಲಕ ಗುರುತಿಸುವ ಕ್ರಮ

ಅಗರ್ ತಟ್ಟೆಯಲ್ಲಿ (ಪೋಷಕಾಂಶ ಬೆರೆಸಿದ ಲೋಳೆ ಹರಡಿದ ತಟ್ಟೆ) ಬೆಳೆಸಿ ಎಣಿಸುವ ಹಳೆಯ ಪದ್ಧತಿಗೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಶೇ. 1ರಷ್ಟು ಮಾತ್ರ ಸಿಗುತ್ತವೆ. ಆದ್ದರಿಂದ ಜೀವಾಮೃತದಿಂದ ಹೊಲದಲ್ಲಿ ಏನು ಬದಲಾಯಿತೆಂದು ತಿಳಿಯಬೇಕಾದರೆ ಮಣ್ಣಿನಿಂದಲೇ ನೇರವಾಗಿ ಡಿಎನ್‌ಎ ತೆಗೆದು ಓದಬೇಕಾಗುತ್ತದೆ.

ಮೊದಲು ಹೊಲದ ವಿನ್ಯಾಸ ಸರಿಯಿರಬೇಕು. ಒಂದೇ ಬಗೆಯ ಮಣ್ಣು ಮತ್ತು ಒಂದೇ ಬೆಳೆಯಿರುವಲ್ಲಿ ಪ್ರತಿ ಉಪಚಾರಕ್ಕೂ (ಹೋಲಿಸಿ ನೋಡಲು ಹಾಕುವ ಪ್ರತಿಯೊಂದು ದ್ರವಕ್ಕೂ) ನಾಲ್ಕೈದು ತಾಕುಗಳನ್ನು ಚದುರಿಸಿ ಗುರುತಿಸಿ. ಜೀವಾಮೃತದ 200 ಲೀಟರ್ ನೀರಿನಲ್ಲಿ ಸಗಣಿ, ಗಂಜಲದ ಜೊತೆಗೆ 2 ಕೆ.ಜಿ. ಬೆಲ್ಲವೂ ಅಷ್ಟೇ ದ್ವಿದಳ ಹಿಟ್ಟೂ ಇರುವುದರಿಂದ, ಬರಿಯ ನೀರು ಹಾಕಿದ ತಾಕಿನಷ್ಟೇ ಬೆಲ್ಲ ಮತ್ತು ಹಿಟ್ಟಿನ ನೀರು ಹಾಕಿದ ತಾಕೂ ಅಗತ್ಯ. ಇಲ್ಲವಾದರೆ ಹೊಸ ಜೀವಿಗಳು ಬಂದವೋ, ಇದ್ದವೇ ಬೆಲ್ಲ ತಿಂದು ಹೆಚ್ಚಿದವೋ ಹೇಳಲಾಗದು. ಜೀವಾಮೃತದ ಮಾದರಿಯನ್ನೂ ಪರೀಕ್ಷೆಗೆ ಸೇರಿಸಿ.

ಪ್ರತಿ ತಾಕಿನ ಹತ್ತು ಕಡೆ ಕಸಕಡ್ಡಿ ಸರಿಸಿ, ಶೇ. 70ರ ಆಲ್ಕೋಹಾಲಿನಿಂದ ಒರೆಸಿದ ಸಲಕರಣೆಯಿಂದ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ, 2 ಮಿ.ಮೀ. ಜರಡಿ ಹಿಡಿಯಿರಿ. ಬೇರಿಗೆ ಅಂಟಿದ ಮಣ್ಣು ಬೇರೆಯದೇ ಲೋಕ, ಅದನ್ನು ಪ್ರತ್ಯೇಕವಾಗಿಡಿ. ಗೊಬ್ಬರದ ಶಿಫಾರಸಿಗೆಂದು ಮಾಡುವ ಹಾಗೆ ಈ ಮಣ್ಣನ್ನು ಒಣಗಿಸಬಾರದು. ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, ಪ್ರಯೋಗಾಲಯದಲ್ಲಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ರಸಸಾರ (ಪಿಎಚ್), ಸಾವಯವ ಇಂಗಾಲ ಮತ್ತು ತೇವಾಂಶಕ್ಕೆ ಇನ್ನೊಂದು ಪಾಲನ್ನು ತೆಗೆದಿಡಿ. ಬ್ಯಾಕ್ಟೀರಿಯಾ ಸಮುದಾಯವನ್ನು ರಸಸಾರದಷ್ಟು ನಿರ್ಧರಿಸುವ ಮಣ್ಣಿನ ಗುಣಗಳು ಕಡಿಮೆ.

ಡಿಎನ್‌ಎ ತೆಗೆಯಲು ಕಿಟ್‌ಗಳು ಕೇಳುವುದು ಕಾಲು ಗ್ರಾಂ ಮಣ್ಣನ್ನಷ್ಟೇ. ಕೊಳೆತ ಸಾವಯವ ವಸ್ತುವಿನಿಂದ ಬರುವ ಹ್ಯೂಮಿಕ್ ಆಮ್ಲ ಅದರಲ್ಲಿ ಉಳಿದರೆ ಪಿಸಿಆರ್, ಅಂದರೆ ಡಿಎನ್‌ಎಯ ಬೇಕಾದ ಭಾಗವನ್ನು ಅನೇಕ ಪಟ್ಟು ನಕಲಿಸುವ ಕ್ರಿಯೆ, ವಿಫಲವಾಗಬಹುದು. ಮಣ್ಣೇ ಹಾಕದ ಖಾಲಿ ನಳಿಕೆಯೊಂದನ್ನೂ ಕೊನೆಯವರೆಗೆ ಜೊತೆಗೊಯ್ದರೆ ಹೊರಗಿನ ಕಲಬೆರಕೆ ಬಯಲಾಗುತ್ತದೆ. ಗುಂಪುಗಳನ್ನು ಗುರುತಿಸಲು ನೆರವಾಗುವ ಡಿಎನ್‌ಎ ಭಾಗಗಳನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ 16ಎಸ್ ಜೀನಿನ ವಿ3–ವಿ4 ಭಾಗ, ಶಿಲೀಂಧ್ರಗಳಿಗೆ ಐಟಿಎಸ್ ಭಾಗವನ್ನು ಓದಿಸಿ. ಫಲಿತಾಂಶವನ್ನು ಚೈಮ್ 2 (QIIME 2) ತಂತ್ರಾಂಶದಲ್ಲಿ ಕ್ರಮವಾಗಿ ಸಿಲ್ವಾ ಮತ್ತು ಯುನೈಟ್ ದತ್ತಸಂಚಯಗಳೊಡನೆ ಹೋಲಿಸಬಹುದು.

ಇಲ್ಲಿ ಸಿಗುವುದು ಪ್ರತಿ ಗುಂಪಿನ ಪಾಲೇ ಹೊರತು ಸಂಖ್ಯೆಯಲ್ಲ: ಒಂದು ಗುಂಪಿನ ಶೇಕಡಾವಾರು ಏರಿದಾಗ ಅದೇ ಹೆಚ್ಚಿತೋ, ಉಳಿದವು ಕುಸಿದವೋ ತಿಳಿಯುವುದಿಲ್ಲ. ಅದಕ್ಕಾಗಿ ಜೀನಿನ ಪ್ರತಿಗಳನ್ನು ಎಣಿಸುವ ಪಿಸಿಆರ್ ಆದ ಕ್ಯೂಪಿಸಿಆರ್ ಮಾಡಿಸಿ. ಸತ್ತ ಕೋಶಗಳ ಡಿಎನ್‌ಎಯೂ ಮಣ್ಣಿನಲ್ಲಿ ಉಳಿದಿರುತ್ತದಾದ್ದರಿಂದ, ಬದುಕಿರುವ ಜೀವಿಗಳ ಚಟುವಟಿಕೆ ತಿಳಿಯಲು ಮಣ್ಣು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅಳೆಯಿರಿ. ಜೀವಾಮೃತ ಹಾಕುವ ಮುನ್ನ, ವಾರದ ನಂತರ ಮತ್ತು ಕೊಯ್ಲಿನ ವೇಳೆಗೆ ಹೀಗೆ ಮೂರು ಬಾರಿ ಮಾದರಿ ತೆಗೆದಾಗಲಷ್ಟೇ, ಸಗಣಿಯೊಂದಿಗೆ ಬಂದವುಗಳಲ್ಲಿ ಯಾವುವು ಮಣ್ಣಿನಲ್ಲಿ ನೆಲೆಯೂರಿದವೆಂದು ಹೇಳಬಹುದು.