ಕೋಡ್ ಎಡಿಟರ್‌ನ ಕಿರಿಕಿರಿ ಒಂದೊಂದಾಗಿ ಬಿಡಿಸಿಕೊಳ್ಳುವುದು ಹೇಗೆ

ಎಡಗಡೆ ಪಟ್ಟಿಯಲ್ಲಿ ಒಂದು ಫೈಲ್ ಒತ್ತುತ್ತೀರಿ, ತೆರೆಯುತ್ತದೆ. ಓದಿಕೊಂಡು ಇನ್ನೊಂದನ್ನು ಒತ್ತುತ್ತೀರಿ. ಮೊದಲನೆಯದು ಮಾಯ! ಹುಡುಕಿ ಮತ್ತೆ ತೆರೆದರೆ ಈಗ ಎರಡನೆಯದು ಮಾಯ. ಹೊಸದಾಗಿ ಕೆಲಸಕ್ಕೆ ಸೇರಿದವರ ಪಕ್ಕ ಕೂತು ಕೋಡ್ ನೋಡುವಾಗ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿಸಲವೂ ಅವರು ಹೇಳುವುದು ಒಂದೇ ಮಾತು: "ಸಾರಿ, ನನಗೆ ಇನ್ನೂ ಸರಿಯಾಗಿ ಬರಲ್ಲ."

ತಪ್ಪು ಅವರದ್ದಲ್ಲ. ವಿಎಸ್ ಕೋಡ್ ಅನ್ನುವ ಎಡಿಟರ್‌ನಲ್ಲಿ ಒಂದೇ ಸಲ ಕ್ಲಿಕ್ ಮಾಡಿದರೆ ಫೈಲ್ ಪ್ರಿವ್ಯೂ ಟ್ಯಾಬಿನಲ್ಲಿ ತೆರೆಯುತ್ತದೆ, ಮುಂದಿನ ಫೈಲ್ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಅದಕ್ಕೆ ಇರುವ ಗುರುತು ಒಂದೇ, ಟ್ಯಾಬಿನ ಹೆಸರು ಸ್ವಲ್ಪ ವಾಲಿದ ಅಕ್ಷರದಲ್ಲಿರುತ್ತದೆ. ಅಷ್ಟು ಸಣ್ಣ ಗುರುತನ್ನು ಯಾರು ಗಮನಿಸುತ್ತಾರೆ ಹೇಳಿ. ಫೈಲನ್ನು ಎರಡು ಸಲ ಕ್ಲಿಕ್ ಮಾಡಿದರೆ ಅದು ಉಳಿಯುತ್ತದೆ. ಅದೂ ಬೇಡ ಅಂದರೆ ಸೆಟ್ಟಿಂಗ್ಸ್ ತೆರೆದು ‘ಎನೇಬಲ್ ಪ್ರಿವ್ಯೂ’ ಅಂತ ಹುಡುಕಿ ಟಿಕ್ ತೆಗೆದುಬಿಡಿ. ಅರ್ಧ ನಿಮಿಷದ ಕೆಲಸ, ಆದರೆ ಜನ ವರ್ಷಗಟ್ಟಲೆ ಅದನ್ನು ಸಹಿಸಿಕೊಂಡೇ ಇರುತ್ತಾರೆ.

ನೀವು ಸಹಿಸಿಕೊಂಡಿರುವ ಇಂಥವು ಯಾವುವು ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ಒಂದು ವಾರ ಕೀಬೋರ್ಡ್ ಪಕ್ಕ ಒಂದು ಚೀಟಿ ಇಟ್ಟುಕೊಳ್ಳಿ. ಕೈ ತಡವರಿಸಿದಾಗ, ಬಟನ್ ಹುಡುಕಿದಾಗ, "ಅಯ್ಯೋ" ಅಂದಾಗ ಒಂದು ಸಾಲು ಬರೆಯಿರಿ. ಅದೇ ಮತ್ತೆ ಆದರೆ ಪಕ್ಕದಲ್ಲಿ ಒಂದು ಗೀಟು ಎಳೆಯಿರಿ. ಶುಕ್ರವಾರ ಸಂಜೆ ಒಂದು ಗಂಟೆ ತೆಗೆದಿಟ್ಟು, ಯಾವುದಕ್ಕೆ ಜಾಸ್ತಿ ಗೀಟು ಬಿದ್ದಿದೆಯೋ ಅದರಿಂದ ಶುರುಮಾಡಿ. ಸುಮ್ನೆ ಯಾರದ್ದೋ ಸೆಟ್ಟಿಂಗ್ಸ್ ಫೈಲ್ ತಂದು ಅಂಟಿಸಿಕೊಳ್ಳಬೇಡಿ. ಅವರ ಕಿರಿಕಿರಿ ಬೇರೆ, ನಿಮ್ಮದು ಬೇರೆ.

ಮೆನುವಿನಲ್ಲಿ ಹುಡುಕಾಡುವುದೇ ನಿಮ್ಮ ದೊಡ್ಡ ತೊಂದರೆಯಾಗಿದ್ದರೆ ಮೆನುವನ್ನು ಮರೆತುಬಿಡಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಪಿ, ಇಂಟೆಲಿಜೆ ಮತ್ತು ಆಂಡ್ರಾಯ್ಡ್ ಸ್ಟುಡಿಯೋ ಎಡಿಟರ್‌ಗಳಲ್ಲಿ ಕಂಟ್ರೋಲ್ + ಶಿಫ್ಟ್ + ಎ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಬೇಕಾದ ಕೆಲಸದ ಹೆಸರಿನ ನಾಲ್ಕು ಅಕ್ಷರ ಹೊಡೆದರೆ ಸಾಕು, ಕಮಾಂಡ್ ಪಟ್ಟಿ ಬರುತ್ತದೆ, ಪಕ್ಕದಲ್ಲೇ ಅದರ ಶಾರ್ಟ್‌ಕಟ್ ಕೂಡ ಇರುತ್ತದೆ. ಒತ್ತಿದ ಕೀ ಇನ್ನೇನೋ ಮಾಡುತ್ತಿದೆಯಾ? ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ + ಕೆ, ಆಮೇಲೆ ಕಂಟ್ರೋಲ್ + ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪುಟ ತೆರೆಯುತ್ತದೆ. ಹುಡುಕುವ ಪೆಟ್ಟಿಗೆಯ ಪಕ್ಕ ಒಂದು ಕೀಬೋರ್ಡ್ ಚಿತ್ರ ಇದೆ, ಅದನ್ನು ಒತ್ತಿ ನಿಮ್ಮ ಕೀ ಹೊಡೆಯಿರಿ. ಆ ಕೀಗಾಗಿ ಯಾವ ಯಾವ ಕಮಾಂಡ್, ಎಕ್ಸ್‌ಟೆನ್ಶನ್ (ಎಡಿಟರ್‌ಗೆ ನಾವು ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯ) ಕಿತ್ತಾಡುತ್ತಿವೆ ಅಂತ ಸಾಲಾಗಿ ಕಾಣುತ್ತದೆ. ಬೇಡದ್ದರ ಮೇಲೆ ಬಲ ಕ್ಲಿಕ್ ಮಾಡಿ ತೆಗೆದುಹಾಕಿ.

ಕಣ್ಣಿಗೆ ಚುಚ್ಚುವ ಗದ್ದಲ ತೆಗೆಯುವುದು ಇನ್ನೂ ಸುಲಭ. ಬಲಗಡೆಯ ಮಿನಿಮ್ಯಾಪ್ (ಇಡೀ ಫೈಲಿನ ಪುಟ್ಟ ನಕ್ಷೆ) ಬೇಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಕೆಳಗೆ ಬಲಮೂಲೆಯ ಗಂಟೆಯ ಚಿತ್ರ ಒತ್ತಿ ‘ಡು ನಾಟ್ ಡಿಸ್ಟರ್ಬ್’ ಹಾಕಿ.

ಎಡಿಟರ್ ಇದ್ದಕ್ಕಿದ್ದಂತೆ ನಿಧಾನವಾಗಿದ್ದರೆ, ಸೇವ್ ಮಾಡಿದಾಗೆಲ್ಲ ಕೋಡಿನ ಜೋಡಣೆ ತಾನಾಗಿ ಬದಲಾಗುತ್ತಿದ್ದರೆ, ಬಹಳ ಸಲ ಕಾರಣ ಯಾವುದೋ ಎಕ್ಸ್‌ಟೆನ್ಶನ್. ಆದರೆ ಯಾವುದು? ಒಂದೊಂದನ್ನೇ ಆಫ್ ಮಾಡಿ ನೋಡುತ್ತಾ ಕೂತರೆ ದಿನ ಹೋಗುತ್ತದೆ. ಕಮಾಂಡ್ ಪಟ್ಟಿಯಲ್ಲಿ ‘ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್’ ಅಂತ ಹೊಡೆಯಿರಿ. ಅದು ಅರ್ಧ ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡಿ ಕೇಳುತ್ತದೆ: ತೊಂದರೆ ಇನ್ನೂ ಇದೆಯಾ, ಹೋಯಿತಾ? ನೀವು ಉತ್ತರ ಕೊಟ್ಟಂತೆ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. 40 ಎಕ್ಸ್‌ಟೆನ್ಶನ್ ಇದ್ದರೂ ಆರೇಳು ಸಲ ಉತ್ತರಿಸುವಷ್ಟರಲ್ಲಿ ಕಳ್ಳ ಸಿಕ್ಕಿಬೀಳುತ್ತದೆ. ಕಾಲೇಜಿನಲ್ಲಿ ಕಲಿತ ಬೈನರಿ ಸರ್ಚ್ ಇಷ್ಟು ಚೆನ್ನಾಗಿ ದಿನದ ಕೆಲಸಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಕನ್ನಡದ ವಿಷಯ. ಆಪ್ ಅನ್ನು ಕನ್ನಡಕ್ಕೆ ತರುವ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಗೋಳು. ಕೋಡಿಗೆ ಬಳಸುವ ಫಾಂಟ್‌ಗಳಲ್ಲಿ ಬಹುತೇಕ ಕನ್ನಡ ಅಕ್ಷರವೇ ಇರುವುದಿಲ್ಲ, ಸಿಸ್ಟಮ್ ಯಾವುದೋ ಫಾಂಟನ್ನು ತಂದು ಹಾಕುತ್ತದೆ, ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ‘ಫಾಂಟ್ ಫ್ಯಾಮಿಲಿ’ ಸೆಟ್ಟಿಂಗ್‌ನಲ್ಲಿ ನಿಮ್ಮ ಇಂಗ್ಲಿಷ್ ಫಾಂಟಿನ ಹೆಸರಾದ ಮೇಲೆ ಒಂದು ಕಾಮಾ ಹಾಕಿ ‘ನೋಟೋ ಸಾನ್ಸ್ ಕನ್ನಡ’ ಸೇರಿಸಿ. ‘ಲೈನ್ ಹೈಟ್’ 1.6 ಮಾಡಿ. "ರಾಷ್ಟ್ರ" ಅಂತ ಬರೆದು ನೋಡಿ, ಬುಡ ಪೂರ್ತಿ ಕಾಣಬೇಕು.

ಬೇರೆಯವರ ಪ್ರಾಜೆಕ್ಟ್ ತೆರೆದಾಗ ಕನ್ನಡದ ಪ್ರತಿ ಅಕ್ಷರದ ಸುತ್ತ ಹಳದಿ ಚೌಕ ಬಂದರೆ ಗಾಬರಿಯಾಗಬೇಡಿ. 2021ರ ನವೆಂಬರ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಕಣ್ಣಿಗೆ ಕಾಣದ ಯೂನಿಕೋಡ್ ಗುರುತುಗಳನ್ನು ಕೋಡಿನಲ್ಲಿ ತುರುಕಿ ಓದುವವರಿಗೆ ಮೋಸ ಮಾಡಬಹುದು ಅಂತ ತೋರಿಸಿಕೊಟ್ಟರು. ಆಮೇಲೆ ವಿಎಸ್ ಕೋಡ್ ಅನುಮಾನದ ಅಕ್ಷರಗಳಿಗೆ ಚೌಕ ಹಾಕಲು ಶುರುಮಾಡಿತು. ನೀವು ಇನ್ನೂ ‘ಟ್ರಸ್ಟ್’ ಮಾಡದ ಫೋಲ್ಡರ್‌ನಲ್ಲಿ ಸಾದಾ ಇಂಗ್ಲಿಷ್ ಅಲ್ಲದ ಎಲ್ಲಕ್ಕೂ ಚೌಕ ಬೀಳುತ್ತದೆ. ಒಳ್ಳೆಯ ಉದ್ದೇಶವೇ, ಆದರೆ ಒಂದು ಇಡೀ ಲಿಪಿಯನ್ನು ಅನುಮಾನದಿಂದ ನೋಡಿದ ಹಾಗಾಗುತ್ತದೆ, ಅದು ನನಗೆ ನೋವಾಗುತ್ತದೆ. ಫೋಲ್ಡರ್ ನಿಮಗೆ ಗೊತ್ತಿರುವವರದ್ದಾದರೆ ‘ರಿಸ್ಟ್ರಿಕ್ಟೆಡ್ ಮೋಡ್’ ಪಟ್ಟಿಯನ್ನು ಒತ್ತಿ ಟ್ರಸ್ಟ್ ಮಾಡಿ. ಗೊತ್ತಿಲ್ಲದ್ದಾದರೆ ಚೌಕ ಇರಲಿ.

ಹುಡುಕುವಾಗಲೂ ಒಂದು ತೊಡಕು ಇದೆ. "ಸಾಫ್ಟ್‌ವೇರ್" ಅಂತ ಬರೆಯುವಾಗ ವಕಾರ ಟಕಾರದ ಕೆಳಗೆ ಒತ್ತಾಗಿ ಕೂರದಿರಲಿ ಅಂತ ನಡುವೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಫೈಲಿನಲ್ಲಿ ಅದಿದ್ದು ನೀವು ಹುಡುಕುವ ಪದದಲ್ಲಿ ಇಲ್ಲದಿದ್ದರೆ "ಏನೂ ಸಿಗಲಿಲ್ಲ" ಅಂತ ಬರುತ್ತದೆ, ಪದ ಕಣ್ಣೆದುರೇ ಇದ್ದರೂ! ಹುಡುಕುವ ಪೆಟ್ಟಿಗೆಯಲ್ಲಿ ರೆಜೆಕ್ಸ್ (ಪದದ ನಮೂನೆ ಕೊಟ್ಟು ಹುಡುಕುವ ವಿಧಾನ) ಬಟನ್ ಒತ್ತಿ ‘ಸಾಫ್ಟ್.?ವೇರ್’ ಅಂತ ಹೊಡೆಯಿರಿ, ಎರಡೂ ಸಿಗುತ್ತವೆ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಮಾತ್ರ ಕನ್ನಡ ಓದಲು ಹೆಣಗಬೇಡಿ. ಅಲ್ಲಿ ಅಕ್ಷರಗಳು ಒಂದೇ ಅಗಲದ ಮನೆಗಳಲ್ಲಿ ಕೂರಬೇಕು, ನಮ್ಮ ಒತ್ತಕ್ಷರ ಅದಕ್ಕೆ ಒಗ್ಗುವುದಿಲ್ಲ. ಔಟ್‌ಪುಟ್ಟನ್ನು ಫೈಲಿಗೆ ಬರೆಸಿ ಎಡಿಟರ್‌ನಲ್ಲಿ ನೋಡಿ.

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಬರೋಣ. ಕಮಾಂಡ್ ಲೈನ್ ಕೂಡ ಇಂಟರ್‌ಫೇಸೇ ಅಲ್ವಾ, ಅದರಲ್ಲೂ ಕೆಟ್ಟ ವಿನ್ಯಾಸ ಇರುತ್ತದೆ. ‘ಗಿಟ್ ಚೆಕ್ಔಟ್’ ಮುಂದೆ ಬ್ರಾಂಚಿನ (ಕೋಡಿನ ಒಂದು ಕವಲಿನ) ಹೆಸರು ಕೊಟ್ಟರೆ ಆ ಬ್ರಾಂಚಿಗೆ ಹೋಗುತ್ತದೆ, ಫೈಲಿನ ಹೆಸರು ಕೊಟ್ಟರೆ ನೀವು ಬೆಳಗಿನಿಂದ ಬರೆದದ್ದನ್ನು ಕೇಳದೆ ಅಳಿಸುತ್ತದೆ. ಒಂದೇ ಕಮಾಂಡ್, ಒಂದು ಕೆಲಸ ನಿರಪಾಯ, ಇನ್ನೊಂದು ಅಪಾಯ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23ರಲ್ಲಿ ಇದನ್ನು ಬಿಡಿಸಿ ಎರಡು ಕಮಾಂಡ್ ಕೊಟ್ಟರು: ಬ್ರಾಂಚ್ ಬದಲಿಸಲು ‘ಗಿಟ್ ಸ್ವಿಚ್’, ಫೈಲನ್ನು ಹಳೆಯ ಸ್ಥಿತಿಗೆ ತರಲು ‘ಗಿಟ್ ರಿಸ್ಟೋರ್’. ರಿಸ್ಟೋರ್ ಕೂಡ ಕೇಳದೆಯೇ ಅಳಿಸುತ್ತದೆ, ಆದರೆ ಏನು ಮಾಡುತ್ತಿದ್ದೇನೆ ಅಂತ ಕೈಗೆ ಗೊತ್ತಿರುತ್ತದೆ. ಇವತ್ತಿನಿಂದಲೇ ಚೆಕ್ಔಟ್ ಬಿಟ್ಟುಬಿಡಿ.

ಅಳಿಸಿಯೇ ಹೋಯಿತು ಅಂದರೆ? ಮೊದಲು ಕೈ ಕಟ್ಟಿ ಕೂರಿ, ಎಡಿಟರ್ ಮುಚ್ಚಬೇಡಿ, ಕಂಟ್ರೋಲ್ + ಝಡ್ ಕೆಲಸ ಮಾಡುತ್ತದಾ ನೋಡಿ. 2022ರ ಮಾರ್ಚ್ ಆವೃತ್ತಿಯಿಂದ ವಿಎಸ್ ಕೋಡ್ ನೀವು ಸೇವ್ ಮಾಡಿದಾಗೆಲ್ಲ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಒಂದೊಂದು ಫೈಲಿಗೆ 50 ಪ್ರತಿಗಳವರೆಗೆ. ಎಡಪಟ್ಟಿಯ ಕೆಳಗಿನ ‘ಟೈಮ್‌ಲೈನ್’ ಬಿಡಿಸಿದರೆ ಕಾಣುತ್ತವೆ. ಫೈಲೇ ಹೋಗಿದ್ದರೆ ಕಮಾಂಡ್ ಪಟ್ಟಿಯಲ್ಲಿ ‘ಲೋಕಲ್ ಹಿಸ್ಟರಿ: ಫೈಂಡ್ ಎಂಟ್ರಿ ಟು ರಿಸ್ಟೋರ್’ ಹುಡುಕಿ. ಇಂಟೆಲಿಜೆಯಲ್ಲೂ ‘ಲೋಕಲ್ ಹಿಸ್ಟರಿ’ ಇದೆ, ಸಾಮಾನ್ಯವಾಗಿ ಐದು ಕೆಲಸದ ದಿನಗಳಷ್ಟು ಹಿಂದಿನದು ಸಿಗುತ್ತದೆ.

ಕೆಲವು ತೊಂದರೆ ಸೆಟ್ಟಿಂಗ್‌ನಿಂದ ಹೋಗುವುದಿಲ್ಲ, ಏಕೆಂದರೆ ಆ ಟೂಲ್ ಕಟ್ಟಿದವರು ನಾವೇ. ಹಿಂದೆ ನಾನಿದ್ದ ಒಂದು ಟೀಮಿನಲ್ಲಿ ಕೋಡನ್ನು ಸರ್ವರ್‌ಗೆ ಹಾಕುವ ಪುಟದಲ್ಲಿ ಎರಡು ಬಟನ್ ಇದ್ದವು. ಒಂದು ಟೆಸ್ಟ್‌ಗೆ, ಒಂದು ಗ್ರಾಹಕರು ಬಳಸುವ ಪ್ರೊಡಕ್ಷನ್‌ಗೆ. ಎರಡೂ ಒಂದೇ ನೀಲಿ, ಒಂದೇ ಅಳತೆ, ನಡುವೆ ಬೆರಳಗಲ ಜಾಗ. ಸಂಜೆ ಏಳು ಗಂಟೆಗೆ ದಣಿದ ಒಬ್ಬ ಗೆಳೆಯ ಪಕ್ಕದ್ದನ್ನು ಒತ್ತಿದ. ರಾತ್ರಿ ಹನ್ನೊಂದರವರೆಗೆ ಆರು ಜನ ಕೂತು ಸರಿಮಾಡಿದೆವು. ಮರುದಿನ ಮೀಟಿಂಗ್‌ನಲ್ಲಿ ಅವನಿಗೆ "ಇನ್ಮೇಲೆ ಜಾಗ್ರತೆ" ಅಂದರು. ಬಟನ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದು ನನಗೆ ಈಗಲೂ ಬೇಸರ. ಬಟನ್ ಸರಿಮಾಡಿದ್ದು ಆಮೇಲೆ, ನಾವಿಬ್ಬರು ಕೂತು: ಪ್ರೊಡಕ್ಷನ್ ಬಟನ್ನನ್ನು ಬೇರೆ ಪುಟಕ್ಕೆ ಒಯ್ದೆವು, ಕೆಂಪು ಮಾಡಿದೆವು, ಸರ್ವರಿನ ಹೆಸರನ್ನು ಕೈಯಾರೆ ಟೈಪ್ ಮಾಡಿದರೆ ಮಾತ್ರ ಒತ್ತಲು ಬರುವಂತೆ ಮಾಡಿದೆವು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ರೆಪೊಸಿಟರಿ (ಒಂದು ಪ್ರಾಜೆಕ್ಟಿನ ಕೋಡ್ ಸಂಗ್ರಹ) ಅಳಿಸುವಾಗ ಹೆಸರು ಟೈಪ್ ಮಾಡಿಸುತ್ತಾರಲ್ಲ, ಅದೇ ಉಪಾಯ. ‘ಖಚಿತವೇ?’ ಅಂತ ಕೇಳುವ ಪೆಟ್ಟಿಗೆ ಸಾಲದು. ಅದಕ್ಕೆ ಕೈ ತಾನಾಗಿ ಹೌದು ಅನ್ನುತ್ತದೆ.

ನಿಮ್ಮ ಕೈಲಿ ಸರಿಹೋಗದ್ದನ್ನು ಆ ಟೂಲ್ ಕಟ್ಟಿದವರಿಗೆ ತಿಳಿಸಿ. "ಯುಐ (ಪರದೆಯ ವಿನ್ಯಾಸ) ಚೆನ್ನಾಗಿಲ್ಲ" ಅಂತಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಏನು ಮಾಡಲು ಹೊರಟಿರಿ, ಏನು ಒತ್ತಿದಿರಿ, ಏನಾಗುತ್ತದೆ ಅಂದುಕೊಂಡಿರಿ, ಏನಾಯಿತು ಅಂತ ನಾಲ್ಕು ಸಾಲು. ಆವೃತ್ತಿಯ ಸಂಖ್ಯೆ, ಹತ್ತು ಸೆಕೆಂಡಿನ ಸ್ಕ್ರೀನ್ ರೆಕಾರ್ಡಿಂಗ್. ಕನ್ನಡದ ತೊಂದರೆಯಾದರೆ ಆ ಪದವನ್ನು ಪಠ್ಯವಾಗಿಯೇ ಅಂಟಿಸಿ, ಬರೀ ಚಿತ್ರ ಕಳಿಸಿದರೆ ಅವರು ಅದನ್ನು ಟೈಪ್ ಮಾಡಿ ನೋಡಲಾರರು. ಬರೆಯುವ ಮೊದಲು ಅದೇ ದೂರು ಈಗಾಗಲೇ ಇದೆಯಾ ಹುಡುಕಿ, ಇದ್ದರೆ ಅದರಲ್ಲೇ ಹೆಬ್ಬೆರಳಿನ ಚಿತ್ರ ಒತ್ತಿ ಮತ ಹಾಕಿ. ವಿಎಸ್ ಕೋಡ್‌ನವರು ಹೊಸ ಬೇಡಿಕೆಯನ್ನು ಮುಂದಕ್ಕೆ ತೆಗೆದುಕೊಳ್ಳಲು 60 ದಿನದಲ್ಲಿ 20 ಮತ ಕೇಳುತ್ತಾರೆ. ಹಾಗಾಗಿ ಬರೆದು ಸುಮ್ಮನಾಗದೆ, ಅದರ ಕೊಂಡಿಯನ್ನು ಅದೇ ದಿನ ಆಫೀಸಿನ ಗುಂಪಿಗೂ ಕನ್ನಡದಲ್ಲಿ ಕೆಲಸ ಮಾಡುವ ಗೆಳೆಯರಿಗೂ ಕಳಿಸಿ, ಒತ್ತಿ ಅಂತ ಕೇಳಿ.