ಗಂಜಿನಲ್ಲಿ ಕ್ಯಾಂಟನ್, ಅಂಗಳದಲ್ಲಿ ನಾಗಸಾಕಿ

ಚೀನಾ, ಜಪಾನ್‌ಗಳ ಪಾಠ ಬಂದ ದಿನ ಭೂಪಟ ತೂಗುಹಾಕಲು ಅವಸರ ಮಾಡಬೇಡಿ. ರಾಯಚೂರಿನ ಮಕ್ಕಳಿಗೆ ಆ ಪಾಠ ನಮ್ಮ ಕೋಟೆಯಿಂದಲೇ ಶುರುವಾಗಲಿ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಕೋವಿ ಹಿಡಿದ ಕೆಲವು ಪೋರ್ಚುಗೀಸರು ಅವನ ಕಡೆ ಇದ್ದರು. ಅದೇ ದೇಶದವರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಕೋವಿ ಮುಟ್ಟಿಸಿದರು, 1557ರ ಹೊತ್ತಿಗೆ ಚೀನಾದ ಮಕಾವಿನಲ್ಲಿ ನೆಲೆಯೂರಿದರು. ಇಷ್ಟು ಹೇಳಿದರೆ ಕೊನೆಯ ಬೆಂಚಿನವರೂ ತಲೆ ಎತ್ತುತ್ತಾರೆ.

ಮೊದಮೊದಲು ನಾನೂ ‘ಬಾಗಿಲು ಮುಚ್ಚಿದ ದೇಶಗಳು’ ಎಂದು ಹಲಗೆಯ ಮೇಲೆ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಒಮ್ಮೆ ಗಂಜಿನ, ಅಂದರೆ ನಮ್ಮೂರ ಕೃಷಿ ಮಾರುಕಟ್ಟೆಯ, ಹಮಾಲರೊಬ್ಬರ ಮಗಳು ಎದ್ದು, ‘ಬಾಗಿಲು ಮುಚ್ಚಿದ್ದರೆ ಅಷ್ಟೊಂದು ಚಹಾ ಹೊರಗೆ ಹೋದದ್ದು ಹೇಗೆ ಸರ್?’ ಎಂದಳು. ಆ ಶೀರ್ಷಿಕೆಯನ್ನು ಅಂದೇ ಒರೆಸಿದೆ. ಬಾಗಿಲಲ್ಲಿ ಯಾರನ್ನು ಕೂರಿಸಿದ್ದರು, ಅವರ ಕೊರಳಿಗೆ ಯಾವ ಹೊಣೆ ಕಟ್ಟಿದ್ದರು ಎಂಬುದೇ ಈಗ ನನ್ನ ಪಾಠ.

ಜಪಾನಿಗೆ ಶಾಲೆಯ ಅಂಗಳ ಸಾಕು. ಬಿಸಿಲೇರುವ ಮುನ್ನ ಹೊರಡಿ. ನಮ್ಮೂರಿನಲ್ಲಿ ಹತ್ತು ಗಂಟೆಯ ಮೇಲೆ ಇತಿಹಾಸ ತಲೆಗೆ ಹೋಗುವುದಿಲ್ಲ. ಕಬಡ್ಡಿಗೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಬೀಸಣಿಗೆಯ ಆಕಾರ ಬರೆಯಿರಿ. ಅದು ದೆಜಿಮಾ, ನಾಗಸಾಕಿ ಬಂದರಿನಲ್ಲಿ 1636ರಲ್ಲಿ ಕಟ್ಟಿ ಮುಗಿಸಿದ ಕೃತಕ ದ್ವೀಪ. ಮೂರು ಎಕರೆಯ ಆಸುಪಾಸು ಎಂದರೆ ರೈತರ ಮಕ್ಕಳಿಗೆ ಬೇರೆ ವಿವರಣೆ ಬೇಡ. ಮೊದಲು ಅಲ್ಲಿದ್ದವರು ಪೋರ್ಚುಗೀಸರು. ಶಿಮಾಬಾರದಲ್ಲಿ ಕ್ರೈಸ್ತ ರೈತರು ದಂಗೆಯೆದ್ದ ಮೇಲೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ತೊಕುಗಾವ ಶೋಗನರು 1639ರಲ್ಲಿ ಪೋರ್ಚುಗೀಸರನ್ನು ಹೊರಹಾಕಿ, 1641ರಲ್ಲಿ ಡಚ್ಚರನ್ನು ತಂದು ಕೂರಿಸಿದರು. ಮತಪ್ರಚಾರದ ಗೊಡವೆಗೆ ಹೋಗದೆ ವ್ಯಾಪಾರ ಮಾಡುವವರು ಎಂಬುದೇ ಡಚ್ಚರ ಅರ್ಹತೆ.

ದಡಕ್ಕಿದ್ದದ್ದು ಒಂದೇ ಸೇತುವೆ. ಅಲ್ಲಿ ತರಗತಿಯ ಅತಿ ಹಟಮಾರಿ ಹುಡುಗನನ್ನು ನಿಲ್ಲಿಸಿ. ಇಬ್ಬರನ್ನು ದುಭಾಷಿಗಳನ್ನಾಗಿ ಮಾಡಿ, ಎಲ್ಲ ಮಾತೂ ಅವರ ಮೂಲಕವೇ ನಡೆಯಲಿ. ಒಮ್ಮೆ ನಮ್ಮ ಮುಖ್ಯೋಪಾಧ್ಯಾಯರು ಗೆರೆ ದಾಟಲು ಬಂದಾಗ ಹುಡುಗ ಕೈ ಅಡ್ಡ ಹಿಡಿದು ‘ಪರವಾನಗಿ?’ ಎಂದ. ದುಭಾಷಿ ನೀರು ಕುಡಿಯಲು ಹೋಗಿದ್ದ. ಪಾಪ, ಅವನು ಬರುವವರೆಗೂ ಅವರು ಅಲ್ಲೇ ನಿಂತರು. ನಾಗಸಾಕಿಗೆ ಚೀನೀ ಹಡಗುಗಳೂ ಬರುತ್ತಿದ್ದವು, ತ್ಸುಶಿಮಾ ದ್ವೀಪದ ಮೂಲಕ ಕೊರಿಯಾದ ಜೊತೆಗೂ ವ್ಯಾಪಾರವಿತ್ತು ಎಂಬುದನ್ನು ಮಾತ್ರ ಬಿಡಬೇಡಿ.

ಚೀನಾಕ್ಕೆ ರಾಜೇಂದ್ರ ಗಂಜಿಗೇ ಹೋಗಬೇಕು, ಅದೂ ಹತ್ತಿ ಬರುವ ಚಳಿಗಾಲದಲ್ಲಿ. ದಕ್ಷಿಣ ಚೀನಾದ ಬಂದರು ಕ್ಯಾಂಟನ್ನಿನ (ಇಂದಿನ ಗುವಾಂಗ್‌ಜೌ) ವ್ಯಾಪಾರವೂ ಋತುಮಾನದ್ದೇ. ಅದು ಮುಗಿದೊಡನೆ ಪರದೇಶಿಗಳು ಮಕಾವಿಗೆ ಮರಳಬೇಕಿತ್ತು. ಒಂದು ದಲಾಲಿ ಅಂಗಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಸುಮ್ಮನೆ ನೋಡಲು ಬಿಡಿ. ರೈತ ಚೀಲ ಇಳಿಸುತ್ತಾನೆ, ಖರೀದಿದಾರ ಹತ್ತಿಯನ್ನು ಹಿಂಜಿ ನೋಡುತ್ತಾನೆ, ಲೆಕ್ಕ ಮಾತ್ರ ನಡುವೆ ಕೂತ ದಲಾಲರ ಪುಸ್ತಕದಲ್ಲಿ. ಆಮೇಲೆ ಹೇಳಿ: 1757ರಿಂದ ಚೀನಾದ ಚಿಂಗ್ ವಂಶದ ಚಕ್ರವರ್ತಿ ಪಶ್ಚಿಮದ ಹಡಗುಗಳಿಗೆ ಕ್ಯಾಂಟನ್ ಒಂದನ್ನೇ ಬಿಟ್ಟುಕೊಟ್ಟ, ಅಲ್ಲಿ ಸರ್ಕಾರದ ಪರವಾನಗಿ ಪಡೆದ ಚೀನೀ ವ್ಯಾಪಾರಿಗಳಾದ ಹಾಂಗ್ ವರ್ತಕರು ಹೀಗೆಯೇ ನಡುವೆ ಕೂತಿದ್ದರು. ಮುಂಬಯಿಯಿಂದ ಹೋದ ಹತ್ತಿಯೂ ಅವರ ಕೈ ದಾಟಿಯೇ ಹೋಗುತ್ತಿತ್ತು. ಅವರನ್ನು ದಾಟಿ ಅಧಿಕಾರಿಗಳಿಗೆ ಅರ್ಜಿ ಕೊಡುವಂತಿರಲಿಲ್ಲ. 1759ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷಿನವನು ಉತ್ತರಕ್ಕೆ ಹಡಗು ನಡೆಸಿ ದೂರು ಕೊಟ್ಟು, ಮೂರು ವರ್ಷ ಮಕಾವಿನಲ್ಲಿ ಸೆರೆಯಲ್ಲಿದ್ದ. ಅವನಿಗೆ ನೆರವಾದ ಚೀನೀಯನ ತಲೆಯೇ ಹೋಯಿತು.

ಹೋಲಿಕೆ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನೂ ತೋರಿಸಿ. ರೈತ ಜಗಳ ಮಾಡಿದರೆ ನಮ್ಮ ದಲಾಲರು ಜೈಲಿಗೆ ಹೋಗುವುದಿಲ್ಲ. ಹಡಗಿನ ಸುಂಕಕ್ಕೂ ನಾವಿಕರ ನಡತೆಗೂ ಹಾಂಗ್ ವರ್ತಕನೇ ಜಾಮೀನು. ಸಾಲದಲ್ಲಿ ಮುಳುಗಿದವರನ್ನು ಚೀನಾದ ವಾಯವ್ಯ ತುದಿಯ ಇಲಿ ಎಂಬ ಗಡಿನಾಡಿಗೆ ಗಡೀಪಾರು ಮಾಡಿದ್ದೂ ಉಂಟು.

ಬ್ರಿಟಿಷರು ಚೀನಾವನ್ನು ಸೋಲಿಸಿದ ಅಫೀಮು ಯುದ್ಧದ ಕಥೆ ಮಕ್ಕಳಿಗೆ ಹೇಗೂ ಬಾಯಿಪಾಠ. 1842ರ ನಾನ್‌ಜಿಂಗ್ ಒಪ್ಪಂದ ಹಾಂಗ್ ವರ್ತಕರ ಏಕಸ್ವಾಮ್ಯವನ್ನು ಕಿತ್ತುಹಾಕಿ ಐದು ಬಂದರುಗಳನ್ನು ತೆರೆಸಿತು ಎಂದಷ್ಟೇ ಹೇಳಿ, ಗಂಜಿನಿಂದ ವಾಪಸ್ ನಡೆಯುವಾಗ ಒಂದು ಪ್ರಶ್ನೆ ಹಾಕಿ: ಕೋವಿ ತೋರಿಸಿ ದಲಾಲರನ್ನು ಎಬ್ಬಿಸಿದವನು ರೈತನಿಗೆ ಹೆಚ್ಚು ದರ ಕೊಡುತ್ತಾನೆಯೇ? ಶಾಲೆಯ ಗೇಟು ಬಂದರೂ ವಾದ ಮುಗಿದಿರುವುದಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿರಿ.