ಕ್ರೆಡಿಟ್ ಕಾರ್ಡ್ ಬಾಕಿಯ ಕರೆ ನಿಲ್ಲುತ್ತಿಲ್ಲವೇ? ಮಾತು ಬಿಟ್ಟು ಬರವಣಿಗೆಗೆ ಬನ್ನಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಎಷ್ಟೋ ಮಂದಿಯ ಕಾರ್ಡು ಮಂಗಳೂರಿನ ಬ್ರಾಂಚಿನದ್ದು, ವಿಳಾಸ ಕಾಸರಗೋಡಿನದ್ದು. ವಸೂಲಿಯ ಕರೆ ಇವತ್ತು ಕನ್ನಡದಲ್ಲಿ, ನಾಳೆ ಮಲೆಯಾಳದಲ್ಲೋ ಹಿಂದಿಯಲ್ಲೋ ಬರುವುದುಂಟು. ಭಾಷೆ ಯಾವುದಾದರೂ ಕರೆದವರ ಹೆಸರು, ಏಜೆನ್ಸಿ, ಕಾರ್ಡಿನ ಕೊನೆಯ ನಾಲ್ಕು ಅಂಕೆ ಕೇಳಿ. ಅಂಕೆ ಅವರೇ ಹೇಳಲಿ. ಒಟಿಪಿ ಕೇಳಿದರೆ, ಲಿಂಕ್ ಕಳಿಸಿದರೆ ಅದು ವಸೂಲಿಯಲ್ಲ, ಮೋಸ, ಫೋನಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆಮಾಡಿ.

ನಂಬರ್ ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಕರೆ ಬರುತ್ತದೆ, ಅಷ್ಟೆ. ಅದರ ಬದಲು ಒಂದು ಪುಸ್ತಕದಲ್ಲಿ ತಾರೀಕು, ಗಂಟೆ, ನಂಬರ್, ಆಡಿದ ಮಾತು ಬರೆದಿಡಿ. ಕಾಲ್ ಲಾಗಿನ ಸ್ಕ್ರೀನ್‌ಶಾಟ್ ತೆಗೆಯಿರಿ. ರಿಸರ್ವ್ ಬ್ಯಾಂಕಿನ 2022ರ ಸೂಚನೆಯಂತೆ ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆಯುವಂತಿಲ್ಲ. ಬೆದರಿಸುವುದು, ಮನೆಯವರಿಗೆ, ಗೆಳೆಯರಿಗೆ ಹೇಳಿ ಮಾನ ಕಳೆಯುವುದೂ ಸಲ್ಲದು. ರಾತ್ರಿ 9ರ ಒಂದು ಕರೆಯ ಸ್ಕ್ರೀನ್‌ಶಾಟ್, ಹತ್ತು ನಿಮಿಷದ ಜಗಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನಂತರ ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಹಾಕಿ. ಉದ್ದುದ್ದ ಬೇಡ: "ಕೊನೆಯ ಅಂಕೆ ಇಂತಿಂಥದ್ದಾದ ಕಾರ್ಡಿನ ಬಾಕಿಯಲ್ಲಿ ಅಸಲು, ಬಡ್ಡಿ, ಶುಲ್ಕ, ಜಿಎಸ್‌ಟಿ ಬೇರೆಬೇರೆ ತೋರಿಸಿ. ವಸೂಲಿ ಏಜೆನ್ಸಿಯ ಹೆಸರು ತಿಳಿಸಿ. ಇಂಥ ದಿನ ಇಂಥ ಗಂಟೆಗೆ ಬಂದ ಕರೆಗಳ ಪಟ್ಟಿ ಲಗತ್ತಿಸಿದ್ದೇನೆ. ಮುಂದೆ ಬರಹದಲ್ಲೇ ಸಂಪರ್ಕಿಸಿ." ದೂರಿನ ನಂಬರ್ ಜೋಪಾನ. 30 ದಿನದೊಳಗೆ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನವಾಗದಿದ್ದರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ರಿಸರ್ವ್ ಬ್ಯಾಂಕಿನ ದೂರಿನ ಜಾಲತಾಣವಾದ ಸಿಎಮ್‌ಎಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಖರ್ಚಿಲ್ಲ. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ರಲ್ಲಿ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಬ್ಯಾಂಕಿಗೆ ಬರೆಯದೆ ನೇರ ಒಂಬುಡ್ಸ್‌ಮನ್‌ಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಸಾಲ ನಿಮ್ಮದಲ್ಲ, ಸಿಮ್ ಮೊದಲು ಬೇರೆಯವರ ಕೈಲಿತ್ತು ಎಂದಾದರೂ ಇದೇ ದಾರಿ. ಬ್ಯಾಂಕಿನ ದಾಖಲೆಯಿಂದ ನಿಮ್ಮ ನಂಬರ್ ತೆಗೆಯಲು ಬರೆದು ಕೇಳಿ. ನಿಮ್ಮ ಹೆಸರಿನಲ್ಲೇ ಕಾರ್ಡಿದೆಯೋ ಎಂಬ ಅನುಮಾನವಿದ್ದರೆ ಕ್ರೆಡಿಟ್ ವರದಿ (ಸಿಬಿಲ್‌ನಂಥ ಸಂಸ್ಥೆ ಕೊಡುವ, ನಿಮ್ಮ ಹೆಸರಿನ ಸಾಲಗಳ ದಾಖಲೆ) ತೆಗೆದು ನೋಡಿ, ವರ್ಷಕ್ಕೊಂದು ಉಚಿತ.

ಸಾಲ ನಿಮ್ಮದೇ ಆದರೆ ದೂರಿನಿಂದ ಅದು ಕರಗುವುದಿಲ್ಲ. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದರೆ ಉಳಿದದ್ದಕ್ಕೆ ಬಡ್ಡಿ ಏರುತ್ತಲೇ ಇರುತ್ತದೆ. ಬಾಕಿಯನ್ನು ತಿಂಗಳ ಕಂತು (ಇಎಂಐ) ಮಾಡಿಕೊಡಲು ಕೇಳುವುದು ವಾಸಿ. ಬಾಕಿಯ ಒಂದು ಭಾಗ ಮಾತ್ರ ಕಟ್ಟಿ ಮುಗಿಸುವ ಒಪ್ಪಂದವಾದರೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಹಣ, ಅದೂ ಕಾರ್ಡಿನ ಖಾತೆಗೇ. ಏಜೆಂಟನ ಗೂಗಲ್ ಪೇಗೆ ಒಂದು ರೂಪಾಯಿಯೂ ಬೇಡ. ಇಂಥ ಒಪ್ಪಂದ ಕ್ರೆಡಿಟ್ ವರದಿಯಲ್ಲಿ 'ಸೆಟಲ್ಡ್' ಎಂದು ದಾಖಲಾಗಿ ಮುಂದಿನ ಸಾಲಕ್ಕೆ ತೊಡಕಾಗುತ್ತದೆ.

"ನಾಳೆ ಪೊಲೀಸ್ ಬರುತ್ತಾರೆ" ಎನ್ನುವುದು ಹೆದರಿಸುವ ಮಾತು. ಕಟ್ಟಲಾಗದ ಕಾರ್ಡು ಬಾಕಿ ಸಿವಿಲ್ ವಿಷಯ. ಚೆಕ್ ಕೊಟ್ಟು ಬೌನ್ಸ್ ಆಗಿದ್ದರೆ ಮಾತ್ರ ಬೇರೆ ಕಥೆ: ನೋಟಿಸ್ ತಲುಪಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಕ್ರಿಮಿನಲ್ ಕೇಸು ಹಾಕಬಹುದು. ಕೋರ್ಟಿನ ಸಮನ್ಸ್ ಬಂದರೆ ಸುಮ್ಮನಿರಬೇಡಿ, ಸಿವಿಲ್ ಕೇಸಿನಲ್ಲಿ ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆ ಏಕಪಕ್ಷೀಯವಾಗಿ ತೀರ್ಪಾಗಬಹುದು. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲ.

ಗಲ್ಫಿನ ಕಾರ್ಡಿನ ಬಾಕಿ ಬೇರೆ. ಅಲ್ಲಿನ ಬ್ಯಾಂಕು ನಮ್ಮ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಊರಿಗೆ ಬಂದರೆ ಮುಗಿಯಿತೆಂದು ತಿಳಿಯಬೇಡಿ: ಕೇಂದ್ರ ಸರ್ಕಾರದ 2020ರ ಜನವರಿಯ ಅಧಿಸೂಚನೆಯ ನಂತರ ಯುಎಇ ನ್ಯಾಯಾಲಯದ ಸಿವಿಲ್ ಡಿಕ್ರಿಯನ್ನು (ಹಣ ಕಟ್ಟಬೇಕೆಂಬಂಥ ತೀರ್ಪಿನ ಆದೇಶ) ಇಲ್ಲಿನ ಜಿಲ್ಲಾ ಕೋರ್ಟಿನಲ್ಲೇ ಜಾರಿಗೆ ತರಬಹುದು. ಅಂಥ ಕರೆ ಬಂದರೆ, ಅಲ್ಲಿ ಕೇಸು ದಾಖಲಾಗಿದೆಯೇ, ನಂಬರ್ ಏನು ಎಂದು ಬರಹದಲ್ಲಿ ಕೇಳಿ ವಕೀಲರಿಗೆ ತೋರಿಸಿ.